ಚಿಕ್ಕ ಎಸ್‌ಯುವಿಗೆ ಯಾವ ಹಿಚ್ ಹಾಕಿಸಲಿ? ಕಾರಿನ ಮಿತಿ 680 ಕೆಜಿ, ಹಿಚ್ ಮೇಲೆ 1,588 ಅಂತಿದೆ

ಹಸಿರುಹಾದಿ
ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ಎಸ್‌ಯುವಿ. ಪೆಟ್ರೋಲ್ ಎಂಜಿನ್, ಸಿವಿಟಿ (ಹಂತಗಳಿಲ್ಲದ ಆಟೊಮ್ಯಾಟಿಕ್) ಗೇರ್‌ಬಾಕ್ಸ್. ಹಿಂದೆ ಒಂದು ಹಿಚ್, ಅಂದರೆ ಟ್ರೇಲರ್ ಕಟ್ಟೋ ಕಬ್ಬಿಣದ ಕೊಂಡಿ, ಹಾಕಿಸಬೇಕು ಅಂತಿದ್ದೇನೆ. ಮುಖ್ಯವಾಗಿ ಒಂದು ಪುಟ್ಟ ತೆರೆದ ಟ್ರೇಲರ್ ಎಳೆಯೋಕೆ. ಗಿಡ, ಮಣ್ಣು, ಮರದ ಹಲಗೆ, ಹಳೇ ಮಂಚ, ಇಂಥವು. ಟ್ರೇಲರ್ ಖಾಲಿ ಇದ್ದಾಗ 250 ಕೆಜಿ. ಜೊತೆಗೆ ಸೈಕಲ್ ರ‍್ಯಾಕ್ ಕೂಡ ಬೇಕು. ಮುಂದೆ ಒಂದು ಸಣ್ಣ ಕ್ಯಾಂಪರ್ ತಗೊಳ್ಳೋ ಆಸೆಯೂ ಇದೆ.

ಕಾರಿನ ಕೈಪಿಡಿ ಹೇಳೋದು ಇಷ್ಟು: ಎಳೆಯುವ ಮಿತಿ 680 ಕೆಜಿ, ಟಂಗ್ ವೇಟ್ (ಟ್ರೇಲರ್ ಮುಂತುದಿ ಹಿಚ್ ಮೇಲೆ ಒತ್ತೋ ಭಾರ) 68 ಕೆಜಿ. ಆದರೆ ಇದೇ ಕಾರಿಗೆ ಸಿಗೋ ಹಿಚ್‌ಗಳಲ್ಲಿ ಒಂದರ ಮೇಲೆ 907 ಕೆಜಿ ಅಂತಿದೆ, ಇನ್ನೊಂದರ ಮೇಲೆ 1,588. ಎರಡು ಇಂಚಿನ ರಿಸೀವರ್ (ಹಿಚ್ಚಿನ ಚೌಕ ತೂತು) ಇರೋದಕ್ಕೆ ಇನ್ನೂ ಜಾಸ್ತಿ. ಗಟ್ಟಿ ಹಿಚ್ ಹಾಕಿಸಿದರೆ ಜಾಸ್ತಿ ಎಳೆಯಬಹುದಾ? ಇಲ್ಲ ಅಂದರೆ ಅಷ್ಟು ದೊಡ್ಡ ಹಿಚ್ ಯಾಕೆ ಮಾಡ್ತಾರೆ?

ಬೋಲ್ಟುನಟ್ಟು
ಇಲ್ಲ, ಎಳೆಯೋಕೆ ಆಗಲ್ಲ. ಹಿಚ್ ಮೇಲಿರೋ ನಂಬರು ಆ ಕಬ್ಬಿಣದ್ದು, ಕಾರಿನದ್ದಲ್ಲ. ನಿಮ್ಮ ಸಾಲಿನಲ್ಲಿ ಕಾರು, ಹಿಚ್, ಬಾಲ್ ಮೌಂಟ್ (ರಿಸೀವರ್ ಒಳಗೆ ತೂರಿಸೋ ತೋಳು), ಬಾಲ್ (ಅದರ ಮೇಲಿನ ಗುಂಡು), ಕಪ್ಲರ್ (ಆ ಗುಂಡಿನ ಮೇಲೆ ಕೂರೋ ಟ್ರೇಲರ್ ಬಾಯಿ), ಸೇಫ್ಟಿ ಚೈನ್, ಟ್ರೇಲರ್ ಟೈರು ಇಷ್ಟೂ ಇವೆ. ಇವುಗಳಲ್ಲಿ ಯಾವುದರ ನಂಬರು ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಿತಿ. ನಿಮ್ಮ ಲೆಕ್ಕದಲ್ಲಿ ಅದು ಕಾರು. 680 ಅಂದರೆ 680.

ಕ್ಲಾಸ್ ವಿಷಯ: ಉತ್ತರ ಅಮೆರಿಕದ ಲೆಕ್ಕದಲ್ಲಿ ಕ್ಲಾಸ್ 1 ಅಂದರೆ 2,000 ಪೌಂಡ್, ಅದೇ ನಿಮ್ಮ 907 ಕೆಜಿ. ಕ್ಲಾಸ್ 2 ಅಂದರೆ 3,500 ಪೌಂಡ್, ಅದೇ 1,588. ಈ ಎರಡಕ್ಕೂ ಸಾಮಾನ್ಯವಾಗಿ ಒಂದೂಕಾಲು ಇಂಚಿನ ರಿಸೀವರ್ ಬರುತ್ತೆ. ಕ್ಲಾಸ್ 3ಕ್ಕೆ ಎರಡು ಇಂಚು. ಟ್ರೇಲರ್ ಒಂದೇ ಕೆಲಸ ಆಗಿದ್ದರೆ ನಿಮಗೆ ಕ್ಲಾಸ್ 1 ಧಾರಾಳ ಸಾಕು.

ದೂರಪಯಣಿ
ನಾನು ಬೇರೆ ಮಾತು ಹೇಳ್ತೀನಿ. ಹಾಕಿಸೋದಾದರೆ ದೊಡ್ಡದನ್ನೇ ಹಾಕಿಸಿ. ಯುರೋಪಿನಲ್ಲಿ ಇದೇ ಗಾತ್ರದ ಕಾರುಗಳು 1,500 ಕೆಜಿ ಕ್ಯಾರವಾನ್ ಎಳ್ಕೊಂಡು ಹೋಗ್ತವೆ. ಒಂದೇ ಹೆಸರಿನ ಮಾಡೆಲ್‌ಗೆ ಒಂದು ಖಂಡದಲ್ಲಿ 680, ಇನ್ನೊಂದರಲ್ಲಿ 1,500 ಅಂತ ಬರೆದಿರೋದನ್ನ ನಾನೇ ನೋಡಿದ್ದೀನಿ. ಕಾರು ಅದೇ ಅಲ್ವಾ? ಕಂಪನಿಯವರು ಸುಮ್ನೆ ಹೆದರಿ ಕಡಿಮೆ ಬರೀತಾರೆ ಅನ್ನೋದು ನನ್ನ ಅನಿಸಿಕೆ.

ಹೊಸಬ
ಈ ಪ್ರಶ್ನೆ ನನಗೂ ಇತ್ತು. ಯಾರಾದರೂ ಬಿಡಿಸಿ ಹೇಳಿ ಪ್ಲೀಸ್.

ಲೆಕ್ಕದವಳು
ದೂರಪಯಣಿ ಸರ್, ಈ ವಾದ ತುಂಬ ಕಡೆ ಕೇಳಿದ್ದೀನಿ. ಮೇಲ್ನೋಟಕ್ಕೆ ಸರಿ ಅನಿಸುತ್ತೆ. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದಾಗಿ, ಹೆಸರು ಒಂದೇ ಆದರೂ ಒಳಗೆ ಕಾರು ಒಂದೇ ಇರಬೇಕು ಅಂತಿಲ್ಲ. ಎಂಜಿನ್ ಬೇರೆ, ಗೇರ್‌ಬಾಕ್ಸ್ ಬೇರೆ, ರೇಡಿಯೇಟರ್ ಬೇರೆ ಇರಬಹುದು. ಡೀಸೆಲ್ ಎಂಜಿನ್, ಮ್ಯಾನ್ಯುವಲ್ ಗೇರ್ ಇರೋ ಕಾರಿನ ನಂಬರನ್ನು ಪೆಟ್ರೋಲ್ ಸಿವಿಟಿ ಕಾರಿಗೆ ತಂದು ಅಂಟಿಸೋಕೆ ಬರಲ್ಲ.

ಎರಡನೆಯದು ವೇಗ. ಜರ್ಮನಿಯಲ್ಲಿ ಟ್ರೇಲರ್ ಕಟ್ಟಿದ ಕಾರಿಗೆ ಸಾಮಾನ್ಯ ಮಿತಿ ಗಂಟೆಗೆ 80 ಕಿಮೀ. ಮೋಟಾರುದಾರಿಯಲ್ಲಿ 100 ಹೋಗಬೇಕಂದರೆ ಅದಕ್ಕೆ ಬೇರೆ ಅನುಮತಿ ಬೇಕು. ವೇಗ ಕಡಿಮೆ ಇದ್ದರೆ ಟ್ರೇಲರ್ ಓಲಾಡೋದು ಕಡಿಮೆ. ಹಾಗಾಗಿ ಅಲ್ಲಿ ಕಪ್ಲರ್ ಮೇಲೆ ಬರೋ ಭಾರವನ್ನೂ ಕಡಿಮೆ ಇಟ್ಕೊಂಡು ಓಡಿಸ್ತಾರೆ. ಟ್ರೇಲರ್ ತೂಕದ 4ರಿಂದ 7 ಪರ್ಸೆಂಟು. ಉತ್ತರ ಅಮೆರಿಕದಲ್ಲಿ 10ರಿಂದ 15 ಪರ್ಸೆಂಟು ಇಡಿ ಅಂತಾರೆ. ಅದೇ ಕಾರಿನ ಬೆನ್ನ ಮೇಲೆ ಯುರೋಪಿನಲ್ಲಿ 75 ಕೆಜಿ ಕೂತರೆ, ಅಮೆರಿಕದ ಲೆಕ್ಕದಲ್ಲಿ 1,500 ಕೆಜಿ ಟ್ರೇಲರ್‌ಗೆ ಕಡಿಮೆ ಅಂದರೂ 150 ಕೂರಬೇಕು. ಚಿಕ್ಕ ಎಸ್‌ಯುವಿಯ ಹಿಂಭಾಗ ಅಷ್ಟು ತಡೆಯಲ್ಲ. ಹೀಗಾಗಿ ಎಳೆಯುವ ಮಿತಿಯೇ ಕೆಳಗಿಳಿಯುತ್ತೆ.

ಮೂರನೆಯದು ಬ್ರೇಕು. ಯುರೋಪಿನಲ್ಲಿ 750 ಕೆಜಿ ಮೀರಿದ ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇರಲೇಬೇಕು. ನೀವು ನೋಡಿದ 1,500 ಅನ್ನೋದು ಬ್ರೇಕ್ ಇರೋ ಟ್ರೇಲರ್‌ನ ನಂಬರು. ಅದೇ ಕೈಪಿಡಿಯಲ್ಲಿ ಬ್ರೇಕ್ ಇಲ್ಲದ ಟ್ರೇಲರ್‌ಗೆ ಬೇರೆ ಸಾಲು ಇರುತ್ತೆ. ಅಲ್ಲಿ 600, 700 ಇಂಥ ನಂಬರೇ ಕಾಣೋದು. ಹಸಿರುಹಾದಿಯವರ 680ರ ಪಕ್ಕ ಇಟ್ಟು ನೋಡಬೇಕಾದ್ದು ಆ ಸಾಲನ್ನ.

ಕಂಪನಿ ಹೆದರಿ ಬರೆದಿದ್ದಲ್ಲ ಸರ್. ಬೇರೆ ವೇಗಕ್ಕೆ, ಬೇರೆ ಭಾರಕ್ಕೆ, ಬೇರೆ ಪರೀಕ್ಷೆಗೆ ಬರೆದದ್ದು. ಯುರೋಪಿನ ಪರೀಕ್ಷೆಯಲ್ಲಿ ಪೂರ್ತಿ ಭಾರ ಹೊತ್ತ ಜೋಡಿ 12 ಪರ್ಸೆಂಟ್ ಏರಿನಲ್ಲಿ ನಿಂತು, ಐದು ನಿಮಿಷದಲ್ಲಿ ಐದು ಸಲ ಹೊರಡಬೇಕು. ಉದ್ದದ ಏರಿನಲ್ಲಿ ಬೇಸಿಗೆಯ ಬಿಸಿಲಲ್ಲಿ ಎಸಿ ಹಾಕ್ಕೊಂಡು ಅದೇ ವೇಗದಲ್ಲಿ ಹತ್ತೋದು ಇನ್ನೊಂದು ಥರದ ಪರೀಕ್ಷೆ.

ದೂರಪಯಣಿ
ಮೇಡಂ, ಬ್ರೇಕ್ ಇಲ್ಲದ ಸಾಲಿನ ವಿಷಯ ನಾನು ಗಮನಿಸಿರಲಿಲ್ಲ. ಈಗಷ್ಟೇ ತೆಗೆದು ನೋಡಿದೆ, ನೀವು ಹೇಳಿದ ಹಾಗೇ ಇದೆ. ಆದರೂ ದೊಡ್ಡ ಹಿಚ್ ಹಾಕಿಸಿ ಅನ್ನೋ ಮಾತಿಗೆ ನಾನು ಬದ್ಧ. ಕಾರಣ ಸೈಕಲ್ ರ‍್ಯಾಕ್.

ಎರಡುಗಾಲಿ
ಅದಕ್ಕೆ ನಾನೂ ದನಿಗೂಡಿಸ್ತೀನಿ. ಮೂರು ನಾಲ್ಕು ಸೈಕಲ್ ಹೊರೋ ಒಳ್ಳೆ ರ‍್ಯಾಕ್‌ಗಳು ಹೆಚ್ಚಾಗಿ ಎರಡು ಇಂಚಿಗೇ ಬರೋದು. ಒಂದೂಕಾಲು ಇಂಚಿಗೆ ಆಯ್ಕೆ ಕಡಿಮೆ. ಅಡಾಪ್ಟರ್ ಹಾಕಿ ದೊಡ್ಡದು ಮಾಡ್ಕೋಬಹುದು ಅಂತ ಹೇಳ್ತಾರೆ. ಆದರೆ ಅಡಾಪ್ಟರ್ ಹಾಕಿದರೆ ಭಾರ ಇನ್ನಷ್ಟು ಹಿಂದಕ್ಕೆ ಹೋಗುತ್ತೆ. ಹೊರೋ ಮಿತಿ ಇಳಿಯುತ್ತೆ. ಸಡಿಲ ಜಾಗ ಒಂದರ ಬದಲು ಎರಡಾಗುತ್ತೆ. ಸೈಕಲ್‌ಗಳು ಹಿಂದೆ ತಲೆ ಆಡಿಸ್ತಾ ಇರೋದು ಕನ್ನಡಿಯಲ್ಲಿ ಕಾಣುತ್ತೆ.

ಆದರೆ ಗಮನಿಸಿ, ಎರಡು ಇಂಚು ಹಾಕಿಸಿದರೂ ನಿಮ್ಮ 68 ಕೆಜಿ ಹಾಗೇ ಉಳಿಯುತ್ತೆ. ರ‍್ಯಾಕ್ ಒಂದೇ 20 ಕೆಜಿ ಇರುತ್ತೆ. ಬ್ಯಾಟರಿ ಸೈಕಲ್ ಒಂದೊಂದು 25 ಅಂತ ಹಿಡಿದರೆ ಎರಡಕ್ಕೆ 50. ಒಟ್ಟು 70. ಮಿತಿ ದಾಟಿತು. ಬ್ಯಾಟರಿ ಬಿಚ್ಚಿ ಕಾರಿನೊಳಗೆ ಇಟ್ಕೊಂಡರೆ ಒಂದೊಂದು ಸೈಕಲ್‌ನಿಂದ ಮೂರು ಮೂರೂವರೆ ಕೆಜಿ ಇಳಿಯುತ್ತೆ, ಆಗ ಒಳಗೆ ಬರ್ತೀರಿ. ಮಾಮೂಲಿ ಸೈಕಲ್ 13 ಕೆಜಿಯದ್ದು ನಾಲ್ಕು ಹಾಕಿದರೂ 72. ಮೂರಕ್ಕೆ ನಿಲ್ಲಿಸಿ.

ಇನ್ನೊಂದು, ರ‍್ಯಾಕ್ ಕೈಪಿಡಿಯನ್ನೂ ಓದಿ. ಸೈಕಲ್ ತೂಕ ರಿಸೀವರ್‌ನಿಂದ ಹಿಂದಕ್ಕೆ ಚಾಚಿಕೊಂಡಿರುತ್ತೆ. ಗುಂಡಿ ಬಿದ್ದಾಗ ಅದು ಹಿಚ್ಚನ್ನ ತಿರುಚುತ್ತೆ. ಬಾಲ್ ಮೇಲೆ ಕೂತ ಟ್ರೇಲರ್ ಹಾಗೆ ಮಾಡಲ್ಲ.

ಬೋಲ್ಟುನಟ್ಟು
ಈ ತಿರುಚೋ ಮಾತು ಸರಿ ಇದೆ. ರ‍್ಯಾಕ್‌ಗಾಗಿ ಎರಡು ಇಂಚಿನದ್ದು ಹಾಕಿಸೋದಕ್ಕೆ ನನ್ನ ಒಪ್ಪಿಗೆ ಇದೆ. ರ‍್ಯಾಕ್ ಅಲ್ಲಾಡೋದು ಕಮ್ಮಿ. ಅದನ್ನ ರಿಸೀವರ್‌ಗೆ ಹಿಡಿಸೋ ಪಿನ್ ಕೂಡ ಅರ್ಧ ಇಂಚಿನ ಬದಲು ಐದೆಂಟು ಇಂಚಿನದ್ದು, ಅಂದರೆ ಒಂದಿಂಚಿನ ಎಂಟರಲ್ಲಿ ಐದು ಭಾಗ. ಆದರೆ ಕಾರಿನ ಹಿಂದೆ ಹಿಚ್ಚಿನ ಮೇಲೆ ಒಂದು ಸ್ಟಿಕರ್ ಅಂಟಿಸಿ: 680 / 68. ಕಾರು ನಾಳೆ ಇನ್ನೊಬ್ಬರ ಕೈಗೆ ಹೋದಾಗ ಅವರು ಕಬ್ಬಿಣದ ನಂಬರು ನೋಡಿ ಮೋಸ ಹೋಗಬಾರದು.

ದೊಡ್ಡ ಹಿಚ್ಚಿಗೆ ಒಂದು ಖರ್ಚಿದೆ, ತೂಕ. ಬಾಲ್ ಮೌಂಟ್ ಸೇರಿ 20 ಕೆಜಿ ಆಸುಪಾಸು ಹೋಗಬಹುದು. ಅದು ಸದಾ ಕಾರಿನ ಮೇಲೇ ಇರುತ್ತೆ. ಕೆಲವು ಹಿಚ್‌ಗಳು ಬಂಪರ್‌ಗಿಂತ ಕೆಳಗೆ ಜೋತುಬೀಳ್ತವೆ. ಇಳಿಜಾರಿನಿಂದ ಸಮತಟ್ಟಿಗೆ ಬರೋವಾಗ ನೆಲಕ್ಕೆ ಉಜ್ಜುತ್ತೆ. ತಗೊಳ್ಳೋ ಮುಂಚೆ ಹಾಕಿರೋ ಫೋಟೋ ಪಕ್ಕದಿಂದ ತೆಗೆದದ್ದು ನೋಡಿ, ಹಿಂದಿನಿಂದ ತೆಗೆದದ್ದಲ್ಲ.

ಹಸಿರುಹಾದಿ
ಎಲ್ಲರಿಗೂ ತುಂಬ ಥ್ಯಾಂಕ್ಸ್. ಹಿಚ್ ತೂಕವನ್ನೂ ಲೆಕ್ಕ ಹಾಕಬೇಕು ಅಂತ ಹೊಳೆದಿರಲಿಲ್ಲ. ಟಂಗ್ ವೇಟ್ ಕೂಡ ಕಾರು ಹೊರಬಹುದಾದ ಒಟ್ಟು ಭಾರದಲ್ಲಿ, ಅಂದರೆ ಪೇಲೋಡ್‌ನಲ್ಲೇ ಸೇರುತ್ತಾ? ನಾವು ನಾಲ್ಕು ಜನ, ಇಬ್ಬರು ಮಕ್ಕಳು ಸೇರಿ.

ಲೆಕ್ಕದವಳು
ಹೌದು, ಸೇರುತ್ತೆ. ಚಿಕ್ಕ ಎಸ್‌ಯುವಿಗಳು ಸಿಕ್ಕಿಹಾಕ್ಕೊಳ್ಳೋದೇ ಇಲ್ಲಿ. ಎಳೆಯುವ ಮಿತಿಗೆ ತಲುಪೋ ಮುಂಚೆನೇ ಪೇಲೋಡ್ ಮುಗಿದಿರುತ್ತೆ.

ಡ್ರೈವರ್ ಬಾಗಿಲ ಕಂಬದ ಸ್ಟಿಕರ್‌ನಲ್ಲಿ ಜನ ಮತ್ತು ಸಾಮಾನು ಸೇರಿ 420 ಕೆಜಿ ಅಂತ ಇದೆ ಅನ್ಕೊಳ್ಳಿ. ದೊಡ್ಡವರು ಇಬ್ಬರು 140. ಮಕ್ಕಳು ಇಬ್ಬರು 60. ಡಿಕ್ಕಿಯಲ್ಲಿ 80. ಹಿಚ್ 20. ಟಂಗ್ ವೇಟ್ 68. ಒಟ್ಟು 368. ಇನ್ನು 52 ಉಳೀತು. ಅದೇ ನಾಲ್ಕೂ ಜನ ದೊಡ್ಡವರಾದರೆ? 280, 80, 20, 68. ಒಟ್ಟು 448. ಮಿತಿ ದಾಟಿ 28 ಕೆಜಿ ಆಯ್ತು. ಟ್ರೇಲರ್ ಮಾತ್ರ 680ರ ಒಳಗೇ ಇದೆ! ಕೆಲವು ದೇಶಗಳಲ್ಲಿ ಕಾರಿನ ಖಾಲಿ ತೂಕದಲ್ಲೇ ಡ್ರೈವರ್‌ಗೆ 75 ಕೆಜಿ ಸೇರಿಸಿರ್ತಾರೆ, ಹಾಗಾಗಿ ನಿಮ್ಮ ಸ್ಟಿಕರ್ ಯಾವ ಥರದ್ದು ಅಂತ ಮೊದಲು ನೋಡ್ಕೊಳ್ಳಿ.

ಇದಕ್ಕಿಂತ ಮುಖ್ಯವಾದ್ದು ಹಿಂದಿನ ಆಕ್ಸಲ್. ಬಾಲ್ ಇರೋದು ಹಿಂದಿನ ಚಕ್ರದ ಮೇಲಲ್ಲ, ಅದಕ್ಕಿಂತ ಹಿಂದೆ. ಹಿಂದಿನ ಆಕ್ಸಲ್‌ನಿಂದ ಬಾಲ್‌ವರೆಗೆ 1.1 ಮೀಟರ್ ಇದೆ, ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 2.65 ಮೀಟರ್ ಇದೆ ಅಂತಿಟ್ಕೊಳ್ಳಿ. ಬಾಲ್ ಮೇಲೆ 68 ಕೆಜಿ ಕೂತರೆ ಹಿಂದಿನ ಆಕ್ಸಲ್ ಮೇಲೆ ಬರೋದು 68 ಅಲ್ಲ, ಸುಮಾರು 96. ಆ ಹೆಚ್ಚಿನ 28 ಕೆಜಿ ಎಲ್ಲಿಂದ ಬಂತು? ಮುಂದಿನ ಚಕ್ರದಿಂದ. ಏತದ ಹಾಗೆ, ಹಿಂದೆ ಒತ್ತಿದರೆ ಮುಂದೆ ಏಳುತ್ತೆ.

ನಿಮ್ಮದು ಮುಂದಿನ ಚಕ್ರ ಎಳೆಯೋ ಕಾರಾಗಿದ್ದರೆ ಇದು ಸಣ್ಣ ಮಾತಲ್ಲ. ಸ್ಟೀರಿಂಗ್ ತಿರುಗಿಸೋದು, ಎಳೆಯೋದು, ಬ್ರೇಕಿನ ದೊಡ್ಡ ಪಾಲು ಎಲ್ಲ ಮುಂದಿನ ಚಕ್ರದ ಕೆಲಸ. ಒದ್ದೆ ಏರಿನಲ್ಲಿ ಅದೇ ಚಕ್ರ ಹಗುರಾದರೆ ಹಿಡಿತ ಹೋಗುತ್ತೆ. ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯೋದೂ ಇದಕ್ಕೇ. ಡಿಕ್ಕಿಯ ಭಾರದ ಸಾಮಾನನ್ನ ಹಿಂದಿನ ಸೀಟಿನ ಕಾಲ ಹತ್ತಿರ ತಂದಿಟ್ಟರೆ ಎಷ್ಟೋ ಸರಿಹೋಗುತ್ತೆ.

ಹೊಸಬ
ಮೇಡಂ, ಅದಕ್ಕೇ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಅಂತ ಒಂದು ಬರುತ್ತಲ್ವಾ? ಸ್ಪ್ರಿಂಗ್ ಕಂಬಿ ಇರುತ್ತಲ್ಲ, ಮುಂದಿನ ಚಕ್ರಕ್ಕೆ ಭಾರ ವಾಪಸ್ ಕಳಿಸೋದು.

ಬೋಲ್ಟುನಟ್ಟು
ಚಿಕ್ಕ ಎಸ್‌ಯುವಿಗೆ ಬೇಡ. ಕಾರಿನ ಕೈಪಿಡಿ ಹಾಕಬಹುದು ಅಂತ ಸ್ಪಷ್ಟವಾಗಿ ಹೇಳಿದರೆ ಮಾತ್ರ. ಈ ಗಾತ್ರದ ಬಹಳಷ್ಟು ಕಾರುಗಳಿಗೆ ಟ್ರಕ್ಕಿನ ಥರ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಹಿಚ್ ಕೂರೋದು ಬೆಸುಗೆ ಹಾಕಿದ ತೆಳು ಶೀಟಿನ ಡಬ್ಬಿಯಂಥ ಕಂಬಿಗೆ. ಆ ಸ್ಪ್ರಿಂಗ್ ಕಂಬಿ ಹಿಚ್ಚನ್ನ ಒಂದೇ ಸಮ ತಿರುಚ್ತಾ ಇರುತ್ತೆ. ಅದಕ್ಕೆ ಮಾಡಿದ ಬಾಡಿ ಅಲ್ಲ ಇದು.

ತಂತಿಕೆಲಸ
ಎಲ್ಲರೂ ಕಬ್ಬಿಣದ ಮಾತೇ ಆಡ್ತಿದ್ದೀರಿ. ವೈರಿಂಗ್ ಬಗ್ಗೆ ನಾಲ್ಕು ಮಾತು ನನ್ನದು.

ಹಳೇ ಕಾರಿನಲ್ಲಿ ಹಿಂದಿನ ಲೈಟಿನ ತಂತಿ ಕೆತ್ತಿ ಟ್ರೇಲರ್ ತಂತಿ ಸುತ್ತಿದರೆ ಆಯ್ತು. ಈಗಿನ ಕಾರಿನಲ್ಲಿ ಹಾಗೆ ಮಾಡಬೇಡಿ. ಲೈಟನ್ನ ಒಂದು ಕಂಪ್ಯೂಟರ್ ನೋಡ್ಕೊಳ್ಳುತ್ತೆ. ಎಷ್ಟು ಕರೆಂಟ್ ಹೋಗ್ತಿದೆ ಅಂತ ಅಳೀತಾ ಇರುತ್ತೆ. ಟ್ರೇಲರ್ ಬಲ್ಬು ಸೇರಿದ ಕೂಡಲೇ ಜಾಸ್ತಿ ಕರೆಂಟ್ ಎಳೆದು ಎಚ್ಚರಿಕೆ ದೀಪ ಹತ್ತುತ್ತೆ. ಇಲ್ಲ ಆ ಲೈನನ್ನೇ ಅದು ಆಫ್ ಮಾಡುತ್ತೆ. ಬ್ಯಾಟರಿಯಿಂದ ನೇರ ಕರೆಂಟ್ ತಗೊಳ್ಳೋ ಮಾಡ್ಯೂಲ್ ಹಾಕಿಸಿ. ಅದು ಕಾರಿನ ಲೈಟಿನಿಂದ ಬರೀ ಸೂಚನೆ ತಗೊಳ್ಳುತ್ತೆ, ಭಾರ ಹಾಕಲ್ಲ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ.

ಕಾರು ತಯಾರಕರದ್ದೇ ಕಿಟ್ ಸಿಕ್ಕರೆ ಇನ್ನೂ ಒಳ್ಳೇದು. ಯಾಕಂದರೆ ಟ್ರೇಲರ್ ಕಟ್ಟಿದೆ ಅಂತ ಕಾರಿಗೆ ಗೊತ್ತಾಗುತ್ತೆ. ಹಿಂದಿನ ಪಾರ್ಕಿಂಗ್ ಸೆನ್ಸರ್ ತಾನಾಗೇ ಸುಮ್ಮನಾಗುತ್ತೆ. ರಿವರ್ಸ್‌ನಲ್ಲಿ ತಾನೇ ಬ್ರೇಕ್ ಹಾಕೋ ಕಾರು ಟ್ರೇಲರನ್ನ ಗೋಡೆ ಅಂದುಕೊಂಡು ನಿಲ್ಲಲ್ಲ. ಟ್ರೇಲರ್ ಓಲಾಡಿದರೆ ಹಿಡಿಯೋ ವ್ಯವಸ್ಥೆ ಇರೋ ಕಾರಿನಲ್ಲಿ ಅದು ಎಚ್ಚೆತ್ತುಕೊಳ್ಳೋದೂ ಈ ಸೂಚನೆಯಿಂದಲೇ. ಇದನ್ನ ಹಿಚ್ ಹಾಕಿಸೋ ದಿನವೇ ಕೇಳಿ ಮಾಡಿಸಿ. ಆಮೇಲೆ ಅಂದರೆ ಬಂಪರ್ ಮತ್ತೆ ಬಿಚ್ಚಬೇಕು.

ವೈರಿಂಗ್ ಪ್ಲಗ್‌ನಲ್ಲಿ ಪಿನ್ ಎಷ್ಟು ಅನ್ನೋದು ನಿಮ್ಮ ಟ್ರೇಲರ್ ಮೇಲೆ. ಅಮೆರಿಕದ ಥರದ್ದು ಬರೀ ಲೈಟಿಗೆ ನಾಲ್ಕು ಪಿನ್ ಸಾಕು. ಕರೆಂಟ್ ಬ್ರೇಕ್ ಇರೋ ಕ್ಯಾಂಪರ್‌ಗೆ ಏಳು ಪಿನ್, ಜೊತೆಗೆ ಕಾರಿನೊಳಗೆ ಬ್ರೇಕ್ ಕಂಟ್ರೋಲರ್. ಯುರೋಪಿನ ಥರದ್ದಾದರೆ ಏಳು ಅಥವಾ ಹದಿಮೂರು.

ಹಸಿರುಹಾದಿ
ಇಷ್ಟೊಂದು ಕಲೀತೀನಿ ಅನ್ಕೊಂಡಿರಲಿಲ್ಲ. ಟಂಗ್ ವೇಟ್ ಮನೆಯಲ್ಲೇ ಅಳೆಯೋಕೆ ಆಗುತ್ತಾ? 68 ದಾಟಿದೆಯೋ ಇಲ್ವೋ ಅಂತ ಹೇಗೆ ಗೊತ್ತಾಗಬೇಕು?

ದೂರಪಯಣಿ
ಆಗುತ್ತೆ, ಸುಲಭ. ಇದಂತೂ ನಾನು ಪ್ರತಿ ಸಲ ಮಾಡೋ ಕೆಲಸ. ಜನ ಹತ್ತಿ ನಿಂತು ತೂಕ ನೋಡ್ತಾರಲ್ಲ, ಆ ಯಂತ್ರವೇ ಸಾಕು.

ಟ್ರೇಲರನ್ನ ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಚಕ್ರಕ್ಕೆ ಎರಡೂ ಕಡೆ ಅಡ್ಡಗಲ್ಲು ಕೊಡಿ. ಹೊರಡೋವಾಗ ಏನೇನು ಇರುತ್ತೋ ಅಷ್ಟೂ ಸಾಮಾನು ಹೇರಿ. ಯಂತ್ರದ ಮೇಲೆ ಒಂದು ಗಟ್ಟಿ ಮರದ ತುಂಡು ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಕಪ್ಲರ್ ಇಳಿಸಿ. ಕಾರಿಗೆ ಕಟ್ಟಿದಾಗ ಕಪ್ಲರ್ ಎಷ್ಟು ಎತ್ತರದಲ್ಲಿ ಇರುತ್ತೋ ಈಗಲೂ ಅಷ್ಟೇ ಎತ್ತರ ಇರಬೇಕು. ಬಂದ ತೂಕದಲ್ಲಿ ಮರದ ತೂಕ ಕಳೆಯಿರಿ. ಮುಗೀತು.

ಭಾರದ ಟ್ರೇಲರ್ ಆದರೆ ಯಂತ್ರ ತಡೆಯಲ್ಲ. ಆಗ ಒಂದು ಗಟ್ಟಿ ಅಡ್ಡಮರ ತಗೊಳ್ಳಿ. ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ. ಎರಡರ ನಡುವೆ ಮೂರು ಅಡಿ. ಇಟ್ಟಿಗೆಯಿಂದ ಒಂದು ಅಡಿ ದೂರಕ್ಕೆ ಕಪ್ಲರ್ ಕೂರಿಸಿ. ಯಂತ್ರ ತೋರಿಸಿದ್ದರಲ್ಲಿ ಬರೀ ಮರದಿಂದ ಬಂದ ತೂಕ ಕಳೆದು, ಮೂರರಿಂದ ಗುಣಿಸಿ.

ಜಾಸ್ತಿ ಬಂದರೆ ಸಾಮಾನು ಹಿಂದಕ್ಕೆ ಸರಿಸಿ, ಕಡಿಮೆ ಬಂದರೆ ಮುಂದಕ್ಕೆ.

ಲೆಕ್ಕದವಳು
ಎಷ್ಟು ಸರಿಸಬೇಕು ಅನ್ನೋದಕ್ಕೂ ಲೆಕ್ಕ ಇದೆ. ಟ್ರೇಲರ್ ಆಕ್ಸಲ್‌ನಿಂದ ಕಪ್ಲರ್‌ವರೆಗೆ ಎರಡೂವರೆ ಮೀಟರ್ ಇದ್ದರೆ, 50 ಕೆಜಿಯ ಮಣ್ಣಿನ ಮೂಟೆ ಒಂದನ್ನ ಅರ್ಧ ಮೀಟರ್ ಹಿಂದೆ ಸರಿಸಿದಾಗ ಟಂಗ್ ವೇಟ್ 10 ಕೆಜಿ ಇಳಿಯುತ್ತೆ. ನಿಮ್ಮ ಮಿತಿಯಲ್ಲಿ 10 ಕೆಜಿ ಅಂದರೆ ದೊಡ್ಡದು.

ಆದರೆ 68 ದಾಟಬಾರದು ಅಂತ ಹೇಳಿ ಎಲ್ಲ ಭಾರ ಹಿಂದಕ್ಕೆ ತಳ್ಳಬೇಡಿ. ಇದು ಕೈಮುಗಿದು ಹೇಳೋ ಮಾತು. ಟ್ರೇಲರ್ ಹಿಂದೆ ಭಾರ ಆಗಿ ಮೂಗು ಹಗುರಾದರೆ ಅದು ಓಲಾಡೋಕೆ ಶುರು ಮಾಡುತ್ತೆ. ವೇಗ ಏರಿದ ಹಾಗೆ ಓಲಾಟ ಜಾಸ್ತಿ. ಒಂದು ವೇಗ ದಾಟಿದ ಮೇಲೆ ತಾನಾಗಿ ನಿಲ್ಲಲ್ಲ, ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗ್ತಾ ಹೋಗುತ್ತೆ. ಹಗುರವಾದ ಕಾರನ್ನು ಅದು ಜೊತೆಗೇ ಎಳೆದುಕೊಂಡು ಹೋಗುತ್ತೆ.

ನಿಮ್ಮ ನಂಬರುಗಳನ್ನೇ ನೋಡಿ. 680ಕ್ಕೆ 68 ಅಂದರೆ ಸರಿಯಾಗಿ 10 ಪರ್ಸೆಂಟು. ಪೂರ್ತಿ 680 ಹೇರಿದರೆ ಮೇಲೂ ಜಾಗ ಇಲ್ಲ, ಕೆಳಗೂ ಜಾಗ ಇಲ್ಲ. ಅದೇ 580ಕ್ಕೆ ನಿಲ್ಲಿಸಿದರೆ 58ರಿಂದ 68ರವರೆಗೆ ಎಲ್ಲಿ ಬಂದರೂ ನಡೆಯುತ್ತೆ. ಖಾಲಿ ಟ್ರೇಲರ್ 250 ಕಳೆದರೆ 330 ಕೆಜಿ ಸಾಮಾನು. ಹಸಿರುಹಾದಿಯವರೇ, ನಿಮ್ಮ ಕೆಲಸಕ್ಕೆ ಅಷ್ಟು ಸಾಕಾಗಲ್ವಾ?

ಹಸಿರುಹಾದಿ
ಸಾಕು ಮೇಡಂ. ಒದ್ದೆ ಮಣ್ಣು ಇದ್ದರೆ ಎರಡು ಸಲ ಓಡಾಡ್ತೀನಿ. ಕ್ಯಾಂಪರ್ ಕನಸು ಮಾತ್ರ ಈ ಕಾರಿನಲ್ಲಿ ಆಗೋದಿಲ್ಲ ಅನ್ಸುತ್ತೆ.

ದೂರಪಯಣಿ
ಪೂರ್ತಿ ಬಿಡಬೇಡಿ. ಕಣ್ಣೀರಿನ ಹನಿ ಆಕಾರದ ಪುಟ್ಟ ಕ್ಯಾಂಪರ್‌ಗಳು 500 ಕೆಜಿ ಒಳಗೂ ಬರ್ತವೆ. ಒಳಗೆ ಮಲಗೋಕಷ್ಟೇ ಜಾಗ, ಅಡುಗೆ ಹಿಂದಿನ ಬಾಗಿಲು ಎತ್ತಿ. ಎತ್ತರ ಕಡಿಮೆ, ಹಾಗಾಗಿ ಗಾಳಿ ಹೊಡೆತವೂ ಕಡಿಮೆ. ಚಿಕ್ಕ ಕಾರಿಗೆ ತೂಕದಷ್ಟೇ ತೊಂದರೆ ಕೊಡೋದು ಗಾಳಿ. ಕೆಲವು ಕೈಪಿಡಿಗಳಲ್ಲಿ ಟ್ರೇಲರ್ ಮುಖ ಎಷ್ಟು ಚದರ ಮೀಟರ್ ಇರಬಹುದು ಅಂತಲೂ ಬರೆದಿರ್ತಾರೆ. ಅದನ್ನ ನೋಡಿ. ಕ್ಯಾಂಪರ್ ಖಾಲಿ ತೂಕ ನೋಡಿ ಕೊಳ್ಳಬೇಡಿ. ನೀರು, ಗ್ಯಾಸ್ ಸಿಲಿಂಡರ್, ಬ್ಯಾಟರಿ, ಹಾಸಿಗೆ ಎಲ್ಲ ಸೇರಿದ ಮೇಲಿನ ತೂಕ ಕೇಳಿ.

ಸಿವಿಟಿ ಬಗ್ಗೆ ಒಂದು ಮಾತು. ಉದ್ದ ಏರಿನಲ್ಲಿ ಅದರ ಎಣ್ಣೆ ಬಿಸಿ ಏರುತ್ತೆ. ಬಿಸಿ ಜಾಸ್ತಿಯಾದರೆ ಕಾರು ತಾನೇ ಪವರ್ ಕಡಿಮೆ ಮಾಡುತ್ತೆ. ಆಗ ಒತ್ತಬೇಡಿ. ಪಕ್ಕಕ್ಕೆ ನಿಲ್ಲಿಸಿ ತಣಿಯೋಕೆ ಬಿಡಿ. ಟ್ರೇಲರ್ ಎಳೆಯೋ ಕಾರಿಗೆ ಗೇರ್ ಎಣ್ಣೆ ಬೇಗ ಬದಲಾಯಿಸಬೇಕು ಅಂತ ಕೈಪಿಡಿಯಲ್ಲಿ ಬೇರೆ ಸಾಲೇ ಇರುತ್ತೆ. ಬೆಟ್ಟದ ದಾರಿಯಾದರೆ ಇನ್ನೊಂದು ಲೆಕ್ಕ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರ್ ಎತ್ತರಕ್ಕೆ ಸುಮಾರು 10 ಪರ್ಸೆಂಟ್ ಶಕ್ತಿ ಕಳ್ಕೊಳ್ಳುತ್ತೆ.

ಎರಡುಗಾಲಿ
ಬಾಲ್ ಗಾತ್ರದ ಬಗ್ಗೆ ಯಾರೂ ಹೇಳಲಿಲ್ಲ?

ಬೋಲ್ಟುನಟ್ಟು
ಒಳ್ಳೇ ನೆನಪು ಮಾಡಿದ್ರಿ. ಕಪ್ಲರ್ ಮೇಲೆ ಅಚ್ಚು ಹಾಕಿರ್ತಾರೆ, ಅದೇ ಗಾತ್ರದ ಬಾಲ್ ಬೇಕು. ಅಂದಾಜಿಗೆ ತರಬೇಡಿ. ಅಮೆರಿಕದ ಕಡೆ ಒಂದು ಮುಕ್ಕಾಲು ಅರೆಕಾಲು ಇಂಚು, ಎರಡು ಇಂಚು ಇವೇ ಚಿಕ್ಕ ಟ್ರೇಲರ್‌ಗೆ. ಮಿಲಿಮೀಟರಲ್ಲಿ 47.6 ಮತ್ತು 50.8. ಯುರೋಪಿನ ಬಾಲ್ 50 ಮಿಮೀ. 50ಕ್ಕೂ 50.8ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಆದರೆ ಎರಡು ಇಂಚಿನ ಕಪ್ಲರ್ 50 ಮಿಮೀ ಬಾಲ್ ಮೇಲೆ ಸಡಿಲ, 50ರ ಕಪ್ಲರ್ 50.8ರ ಮೇಲೆ ಸರಿಯಾಗಿ ಕೂರಲ್ಲ. ಚಿಕ್ಕ ಬಾಲ್ ಮೇಲೆ ದೊಡ್ಡ ಕಪ್ಲರ್ ಕಟ್ಟಿದರೆ ಸಮತಟ್ಟಲ್ಲಿ ಏನೂ ಆಗಲ್ಲ. ಒಂದು ಜೋರು ಉಬ್ಬು ಹತ್ತಿದಾಗ ಎದ್ದು ಹೊರಗೆ ಬರುತ್ತೆ.

ಬಾಲ್ ಕೂತಿದೆಯೋ ಇಲ್ವೋ ನೋಡೋ ಬಗೆ ಹೀಗೆ. ಕಪ್ಲರ್ ಬೀಗ ಹಾಕಿ. ಆಮೇಲೆ ಟ್ರೇಲರ್ ಜಾಕ್ ತಿರುಗಿಸಿ ಮೂಗನ್ನ ಮೇಲೆತ್ತಿ. ಕಾರಿನ ಹಿಂಭಾಗವೂ ಜೊತೆಗೆ ಮೇಲೆ ಬಂದರೆ ಹಿಡಿದಿದೆ ಅಂತ. ಕಪ್ಲರ್ ಒಂದೇ ಎದ್ದು ಬಂದರೆ ಬೀಗ ಬಾಲ್ ಕೆಳಗೆ ಹೋಗಿಲ್ಲ, ಮೇಲೇ ಕೂತಿದೆ. ಇದನ್ನ ಮಾಡದೆ ನಾನು ಯಾರ ಗಾಡಿಯನ್ನೂ ಹೊರಗೆ ಕಳಿಸಲ್ಲ.

ಚೈನನ್ನ ಕಪ್ಲರ್ ಕೆಳಗೆ ಅಡ್ಡಡ್ಡ ಹಾಕಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಕಳಚಿದರೂ ಮೂಗು ರಸ್ತೆಗೆ ಚುಚ್ಚದೆ ಚೈನ್ ಮೇಲೆ ಕೂರುತ್ತೆ. ನೆಲಕ್ಕೆ ಉಜ್ಜದಷ್ಟು ಗಿಡ್ಡ ಇರಲಿ, ತಿರುವಿನಲ್ಲಿ ಬಿಗಿಯದಷ್ಟು ಉದ್ದ ಇರಲಿ.

ಬಾಲ್ ಮೌಂಟ್ ತಗೊಳ್ಳೋ ಮುಂಚೆ ಎತ್ತರ ಅಳೆಯಿರಿ. ಟ್ರೇಲರ್ ಮಟ್ಟವಾಗಿ ನಿಂತಾಗ ನೆಲದಿಂದ ಕಪ್ಲರ್ ಕೆಳಂಚಿಗೆ ಎಷ್ಟು, ನೆಲದಿಂದ ರಿಸೀವರ್ ತೂತಿನ ಒಳಗಿನ ಮೇಲಂಚಿಗೆ ಎಷ್ಟು. ಆ ವ್ಯತ್ಯಾಸದಷ್ಟು ಇಳಿದಿರೋ ಇಲ್ಲ ಏರಿರೋ ಮೌಂಟ್ ಬೇಕು. ಕಟ್ಟಿದ ಮೇಲೆ ಟ್ರೇಲರ್ ಮಟ್ಟವಾಗಿರಬೇಕು. ಮೂಗು ಒಂದಿಷ್ಟು ಕೆಳಗಿದ್ದರೆ ಪರವಾಗಿಲ್ಲ. ಮೇಲಿರಬಾರದು.

ಹೊಸಬ
ಓಲಾಟ ಶುರುವಾಗೇ ಬಿಟ್ಟರೆ ಏನು ಮಾಡೋದು?

ದೂರಪಯಣಿ
ಆಕ್ಸಿಲರೇಟರ್ ಬಿಡಿ. ಸ್ಟೀರಿಂಗ್ ನೇರ ಹಿಡಿದಿರಿ, ಓಲಾಟದ ಜೊತೆ ತಿರುಗಿಸೋಕೆ ಹೋಗಬೇಡಿ. ಕಾರಿನ ಬ್ರೇಕ್ ಜೋರಾಗಿ ತುಳಿಯಬೇಡಿ. ವೇಗ ಏರಿಸಿ ನೆಟ್ಟಗೆ ಮಾಡ್ತೀನಿ ಅನ್ನೋದಂತೂ ಬೇಡವೇ ಬೇಡ. ಕರೆಂಟ್ ಬ್ರೇಕ್ ಇದ್ದರೆ ಕಂಟ್ರೋಲರ್‌ನ ಗುಂಡಿಯಿಂದ ಟ್ರೇಲರ್ ಬ್ರೇಕ್ ಮಾತ್ರ ಮೆಲ್ಲಗೆ ಹಾಕಿ. ನಿಂತ ಮೇಲೆ ಸಾಮಾನು ತೆಗೆದು ಮುಂದಕ್ಕೆ ಹೇರಿ.

ಹಸಿರುಹಾದಿ
ಹಾಗಾದರೆ ಹೀಗೆ ತೀರ್ಮಾನ ಮಾಡಿದೆ. ಎರಡು ಇಂಚಿನ ರಿಸೀವರ್, ರ‍್ಯಾಕ್ ಸಲುವಾಗಿ. 680 / 68 ಸ್ಟಿಕರ್ ಮೇಲೆ. ತಯಾರಕರ ವೈರಿಂಗ್ ಕಿಟ್, ಅದೇ ದಿನ. ಟ್ರೇಲರ್ 580ರಲ್ಲಿ ನಿಲ್ಲಿಸ್ತೀನಿ. ಹಾಕೋ ಕೆಲಸ ನಾನೇ ಮಾಡಬಹುದಾ? ಹಿಚ್ ಕೂರೋ ಕಾರಿನ ಕಂಬಿಯಲ್ಲಿ ತೂತು ಮೊದಲೇ ಇವೆ ಅಂತ ಕೈಪಿಡಿಯಲ್ಲಿದೆ.

ಬೋಲ್ಟುನಟ್ಟು
ಮಾಡಬಹುದು, ಆದರೆ ಇಬ್ಬರು ಇರಿ. ಒಬ್ಬರು ಹಿಚ್ಚನ್ನ ಕೆಳಗಿನಿಂದ ಎತ್ತಿ ಹಿಡಿಯಬೇಕು. ಗಟ್ಟಿ ನೆಲ, ಗಟ್ಟಿ ಸ್ಟ್ಯಾಂಡ್. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಸೈಲೆನ್ಸರ್‌ನ ರಬ್ಬರ್ ಕೊಕ್ಕೆ ಬಿಚ್ಚಿ ಇಳಿಸಬೇಕಾಗಬಹುದು, ಸೋಪಿನ ನೀರು ಹಾಕಿದರೆ ಜಾರುತ್ತೆ. ಕಂಬಿಯೊಳಗೆ ಮೊದಲೇ ಬೆಸೆದ ನಟ್ ಇದ್ದರೆ ಅದರ ಮರೆಯನ್ನ (ಥ್ರೆಡ್) ತಂತಿ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ, ಎಣ್ಣೆ ಬಿಡಿ, ಬೋಲ್ಟನ್ನ ಮೊದಲು ಕೈಯಲ್ಲೇ ತಿರುಗಿಸಿ. ಬಿಗಿ ಅನಿಸಿದರೆ ಮತ್ತೆ ಹಿಂದೆ ತೆಗೆದು ಉಜ್ಜಿ. ಅಲ್ಲಿ ಒತ್ತಾಯ ಮಾಡಿ ಆ ನಟ್ ಕಿತ್ತುಬಂದರೆ ಕಂಬಿಯನ್ನೇ ಕೊಯ್ಯಬೇಕಾಗುತ್ತೆ. ಬಿಗಿ ಮಾಡೋ ಮುಂಚೆ ಆ ಎಣ್ಣೆ ಒರೆಸಿಬಿಡಿ. ಎಣ್ಣೆ ಇದ್ದ ಮರೆಗೆ ಅದೇ ಟಾರ್ಕ್ ಕೊಟ್ಟರೂ ಬೋಲ್ಟ್ ಜಾಸ್ತಿ ಎಳೆದುಕೊಳ್ಳುತ್ತೆ.

ಎಲ್ಲ ಬೋಲ್ಟ್ ಸಡಿಲವಾಗಿ ಕೂರಿಸಿ, ಹಿಚ್ ನಡುಮಧ್ಯ ಇದೆಯಾ ಅಂತ ಅಳೆದು, ಆಮೇಲೆ ಟಾರ್ಕ್ ರೆಂಚ್‌ನಲ್ಲಿ ಹಾಳೆಯಲ್ಲಿ ಬರೆದಷ್ಟೇ ಬಿಗಿ ಮಾಡಿ. ಪ್ರತಿ ಬೋಲ್ಟಿನ ತಲೆಯಿಂದ ಕಂಬಿಯವರೆಗೆ ಬಣ್ಣದ ಪೆನ್ನಲ್ಲಿ ಒಂದು ಗೆರೆ ಎಳೆಯಿರಿ. ಮೊದಲ ಸಲ ಭಾರ ಎಳೆದು ಬಂದ ಮೇಲೆ ಬಗ್ಗಿ ನೋಡಿ. ಗೆರೆ ಮುರಿದಿದ್ದರೆ ಆ ಬೋಲ್ಟ್ ತಿರುಗಿದೆ ಅಂತ. ಗೆರೆ ಸರಿ ಇದ್ದರೂ ರೆಂಚ್ ಒಂದು ಸಲ ಹಾಕಿ, ಹೊಸ ಬಣ್ಣ ಕೂತುಕೊಂಡಾಗ ಬಿಗಿ ಕಮ್ಮಿಯಾಗಿರುತ್ತೆ. ಬಾಲ್ ನಟ್ ಕೂಡ ಅದೇ ಥರ, ಅದಕ್ಕೆ ದೊಡ್ಡ ಸಾಕೆಟ್ ಬೇಕಾಗುತ್ತೆ, ಮೊದಲೇ ತಂದಿಟ್ಕೊಳ್ಳಿ.

ಹಸಿರುಹಾದಿ
ತಮ್ಮನನ್ನ ಕರೀತೀನಿ ಅಣ್ಣ. ಸಾಕೆಟ್ ಅಳತೆ ನೋಡಿ ಇವತ್ತೇ ತರ್ತೀನಿ.